ಮಳೆಯಿಲ್ಲದೆ ಸಂಜೆಗೆ ಏರುವ ಹೊಳೆ

ಓದುಗರ ಪ್ರಶ್ನೆ: ಮೇ ಕೊನೆಯಲ್ಲಿ ಚಾರ್‌ಧಾಮ್ ಯಾತ್ರೆಗೆ ಹೋಗಿದ್ದೆವು. ಗಂಗೋತ್ರಿಯಲ್ಲಿ ಬೆಳಿಗ್ಗೆ ಸ್ನಾನಕ್ಕೆ ಇಳಿದಾಗ ಕಾಣುತ್ತಿದ್ದ ಘಾಟಿನ ಮೆಟ್ಟಿಲುಗಳು ಸಂಜೆ ಆರತಿಯ ಹೊತ್ತಿಗೆ ಮುಳುಗಿದ್ದವು. ಇಡೀ ದಿನ ಒಂದು ಹನಿ ಮಳೆ ಬಿದ್ದಿರಲಿಲ್ಲ. ನೀರೋ ಬೂದಿ ಕದಡಿದ ಬಣ್ಣ. ನಮ್ಮ ತುಂಗೆಯಲ್ಲಿ ಆ ತಿಂಗಳು ಬಂಡೆಗಳೆಲ್ಲ ಎದ್ದು ಕಾಣುತ್ತಿರುತ್ತವೆ. ಅಲ್ಲಿ ಯಾಕೆ ಹೀಗೆ? ಇನ್ನೊಂದು ಮಾತು: ಹಿಮವೆಲ್ಲ ಕರಗಿ ಮುಗಿದರೆ ಗಂಗೆಯೇ ಬತ್ತಿಹೋಗುತ್ತಾಳೆ ಎಂದು ಜೊತೆಗಿದ್ದವರು ಹೇಳಿದರು. ನಿಜವೇ?
— ತೀರ್ಥಹಳ್ಳಿಯ ಓದುಗರೊಬ್ಬರು

ಉತ್ತರ: ನೀವು ಇನ್ನೊಂದು ದಿನ ಅಲ್ಲಿ ಉಳಿದಿದ್ದರೆ ಮರುದಿನ ಬೆಳಿಗ್ಗೆ ಅದೇ ಮೆಟ್ಟಿಲುಗಳು ಮತ್ತೆ ಎದ್ದಿರುವುದನ್ನೂ ನೋಡುತ್ತಿದ್ದಿರಿ. ಬೇಸಿಗೆಯ ದಿನಗಳಲ್ಲಿ ಗಂಗೋತ್ರಿಯ ಭಾಗೀರಥಿ ದಿನಕ್ಕೊಮ್ಮೆ ಏರುತ್ತದೆ, ದಿನಕ್ಕೊಮ್ಮೆ ಇಳಿಯುತ್ತದೆ. ಶೃಂಗೇರಿ, ಆಗುಂಬೆ ಕಡೆ ಮುಂಗಾರು ಹಿಡಿದರೆ ನಿಮ್ಮೂರಲ್ಲಿ ತುಂಗೆ ಏರುತ್ತಾಳೆ, ಮಳೆ ಬಿಟ್ಟರೆ ಇಳಿಯುತ್ತಾಳೆ. ಗಂಗೋತ್ರಿಯಲ್ಲಿ ಈ ಲೆಕ್ಕ ನಡೆಸುವುದು ಬಿಸಿಲು. ಅಲ್ಲಿಗೆ ಮಳೆ ತಲುಪುವುದೇ ಕಡಿಮೆ. ದಕ್ಷಿಣದ ಎತ್ತರದ ಸಾಲುಗಳು ಮುಂಗಾರಿನ ಮೋಡಗಳನ್ನು ಮೊದಲೇ ಹಿಂಡಿಬಿಡುತ್ತವೆ. ಗೋಮುಖಕ್ಕೆ ಹೋಗುವ ದಾರಿಯ ಭೋಜ್‌ಬಾಸಾದಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೀಳುವ ಮಳೆ ಸರಾಸರಿ 300 ಮಿಲಿಮೀಟರಿಗೂ ಕಡಿಮೆ. ಆಗುಂಬೆಯಲ್ಲಿ ಜೋರು ಮಳೆಗಾಲದ ಎರಡು ಮೂರು ದಿನಗಳಲ್ಲೇ ಅಷ್ಟು ಸುರಿದುಹೋಗುತ್ತದೆ.

ಹಾಗಾದರೆ ಅಷ್ಟು ನೀರು ಎಲ್ಲಿಂದ? ಗಂಗೋತ್ರಿ ದೇವಸ್ಥಾನದಿಂದ ಸುಮಾರು 18 ಕಿ.ಮೀ. ಮೇಲಕ್ಕೆ ನಡೆದರೆ ಗೋಮುಖ. ಸಮುದ್ರಮಟ್ಟದಿಂದ 3,900 ಮೀಟರಿಗೂ ಎತ್ತರದ ಜಾಗ. ನಕ್ಷೆಯಲ್ಲಿ ಅದು ಭಾಗೀರಥಿಯ ಆರಂಭ. ಆದರೆ ಅಲ್ಲಿ ನಿಂತು ನೋಡುವವರಿಗೆ ಅದು ಇನ್ನೊಂದು ನದಿಯ ಕೊನೆ, ಮಂಜುಗಡ್ಡೆಯ ನದಿಯ ಕೊನೆ. ಗೋಮುಖದಿಂದ ಆಚೆಗೆ ಆಗ್ನೇಯ ದಿಕ್ಕಿನಲ್ಲಿ ಸುಮಾರು 30 ಕಿ.ಮೀ. ಉದ್ದಕ್ಕೆ ಗಂಗೋತ್ರಿ ಹಿಮನದಿ ಹಬ್ಬಿದೆ. ಅದರ ತಲೆ 7,138 ಮೀಟರ್ ಎತ್ತರದ ಚೌಖಂಬಾ ಶಿಖರದ ಬುಡದಲ್ಲಿದೆ. ಗಢವಾಲಿನ ಜನ ಹಿಮನದಿಯನ್ನು ಬಮಕ್ ಎನ್ನುತ್ತಾರೆ. ಕೀರ್ತಿ ಬಮಕ್, ಸ್ವಚ್ಛಂದ ಬಮಕ್ ಹೀಗೆ ಅನೇಕ ಉಪ ಹಿಮನದಿಗಳು ಅಕ್ಕಪಕ್ಕದಿಂದ ಬಂದು ಇದಕ್ಕೆ ಸೇರುತ್ತವೆ. ಚತುರಂಗಿ, ರಕ್ತವರ್ಣ ಎಂಬ ಎರಡು ದೊಡ್ಡವು ಹಿಂದೆ ಮುಖ್ಯ ಹಿಮನದಿಯನ್ನು ಮುಟ್ಟುತ್ತಿದ್ದವು. ಈಗ ಹಿಂದೆ ಸರಿದು ಬೇರೆಯಾಗಿವೆ, ಅವುಗಳ ನೀರು ಮಾತ್ರ ಬಂದು ಸೇರುತ್ತದೆ.

ಈ ಮಂಜುಗಡ್ಡೆ ಕಲ್ಲಿನಂತೆ ಬಿದ್ದುಕೊಂಡಿಲ್ಲ. ಮೇಲೆ ಬಿದ್ದ ಹಿಮ ವರ್ಷಗಳ ಭಾರಕ್ಕೆ ಒತ್ತಿ ಗಟ್ಟಿಯಾಗಿ, ತನ್ನದೇ ತೂಕಕ್ಕೆ ನಿಧಾನವಾಗಿ ಇಳಿಜಾರಿನಲ್ಲಿ ಜಾರುತ್ತಿರುತ್ತದೆ. ಎತ್ತರದಲ್ಲಿ ಹಿಮ ಬೀಳುವುದು ಹೆಚ್ಚು, ಕರಗುವುದು ಕಡಿಮೆ. ಕೆಳಗೆ ಕರಗುವುದೇ ಹೆಚ್ಚು. ಕೆಳಗಿನ ಈ ಭಾಗವೇ ಭಾಗೀರಥಿಗೆ ನೀರು ಕೊಡುವುದು.

ಒಂದು ಕಿಲೋ ಮಂಜುಗಡ್ಡೆ ಕರಗಲು ಬೇಕಾಗುವ ಶಾಖ ಸಣ್ಣದಲ್ಲ. ಅದೇ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಬಹುಪಾಲನ್ನು ಕನ್ನಡಿಯಾಗಿ ಹಿಂದಕ್ಕೆ ಎಸೆದುಬಿಡುತ್ತದೆ. ಹಾಗಾಗಿ ಮೇ ತಿಂಗಳ ಮೊದಲಲ್ಲಿ, ಹಿಮ ಇನ್ನೂ ಬೆಳ್ಳಗೆ ಹೊದ್ದುಕೊಂಡಿರುವಾಗ, ನೀರು ಮೆಲ್ಲಗೆ ಬರುತ್ತದೆ. ಮೊದಲು ಕರಗಿದ ನೀರನ್ನು ಆ ಹಿಮದ ಹಾಸೇ ಸ್ವಲ್ಪ ಹೊತ್ತು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಜೂನ್, ಜುಲೈಗೆ ಹಾಸು ಸರಿದು ಒಳಗಿನ ಮಾಸಲು ಬಣ್ಣದ ಗಡ್ಡೆ ಬಿಸಿಲಿಗೆ ಬೀಳುತ್ತದೆ. ಅದು ಬಿಸಿಲನ್ನು ಕುಡಿಯುತ್ತದೆ. ಮೇಲ್ಮೈಯಲ್ಲಿ ಸಣ್ಣ ಸಣ್ಣ ಝರಿಗಳು ಹರಿದು, ಬಾವಿಯಷ್ಟು ಆಳದ ಬಿರುಕುಗಳಲ್ಲಿ ಧುಮುಕಿ, ಗಡ್ಡೆಯ ಹೊಟ್ಟೆಯೊಳಗಿನ ಸುರಂಗಗಳಲ್ಲಿ ಸೇರಿ ಗೋಮುಖದ ಬಾಯಿಂದ ಹೊರಬರುತ್ತವೆ. ಮಧ್ಯಾಹ್ನದ ಬಿಸಿಲಿಗೆ ಮೇಲೆ ಕರಗಿದ್ದು ಹೀಗೆ ಸುತ್ತಿಬಳಸಿ ಹೊರಬೀಳುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಅಲ್ಲಿಂದ ಗಂಗೋತ್ರಿಗೆ ಬರಲು ಇನ್ನೂ ಒಂದೆರಡು ಗಂಟೆ. ಆರತಿಗೆ ಗಂಟೆ ಬಾರಿಸುವಾಗ ನಿಮ್ಮ ಕಾಲ ಬುಡಕ್ಕೆ ಬಂದದ್ದು ಆ ಮಧ್ಯಾಹ್ನದ ಬಿಸಿಲೇ. ರಾತ್ರಿಯಿಡೀ ಮೇಲೆ ಹೆಪ್ಪುಗಟ್ಟುವ ಚಳಿ ಇರುವುದರಿಂದ ಬೆಳಗಿನ ಹೊಳೆ ಸಣ್ಣದು. ಮೋಡ ಮುಚ್ಚಿದ ದಿನ ಸಂಜೆಯ ಏರಿಕೆಯೂ ಕಡಿಮೆ. ವರ್ಷದ ಲೆಕ್ಕದಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೊಳೆ ತುಂಬಿರುತ್ತದೆ, ಚಳಿಗಾಲದಲ್ಲಿ ಸೊರಗುತ್ತದೆ. ಆದರೆ ಜನವರಿಯಲ್ಲೂ ಪೂರ್ತಿ ನಿಲ್ಲುವುದಿಲ್ಲ. ಗಡ್ಡೆಯ ಅಡಿಯಲ್ಲಿ ಭೂಮಿಯ ಬಿಸಿಗೆ ಮತ್ತು ಜಾರುವ ತಿಕ್ಕಾಟಕ್ಕೆ ಸ್ವಲ್ಪ ಸ್ವಲ್ಪ ಕರಗುತ್ತಲೇ ಇರುತ್ತದೆ, ಬಂಡೆಗಳ ನಡುವಿನ ಒರತೆಗಳೂ ಕೈಜೋಡಿಸುತ್ತವೆ.

ಗೋಮುಖದವರೆಗೆ ಹೋಗಿ ಬಂದವರು ಸಾಮಾನ್ಯವಾಗಿ ಒಂದು ಬೇಸರ ಹೇಳುತ್ತಾರೆ: ಹಿಮನದಿ ಬೆಳ್ಳಗೆ ಹೊಳೆಯುತ್ತದೆ ಎಂದುಕೊಂಡಿದ್ದೆವು, ನೋಡಿದರೆ ಕಲ್ಲು ಮಣ್ಣಿನ ರಾಶಿ. ಅದು ಸಹಜ. ಎರಡೂ ಬದಿಯ ಕಡಿದಾದ ಗೋಡೆಗಳಿಂದ ಉರುಳಿದ ಬಂಡೆಗಳೆಲ್ಲ ಗಡ್ಡೆಯ ಬೆನ್ನೇರಿ ಕೆಳಗೆ ಬಂದು, ಗಡ್ಡೆ ಕರಗಿದ ಹಾಗೆ ಮೇಲ್ಮೈಯಲ್ಲೇ ಉಳಿದುಬಿಡುತ್ತವೆ. ಈ ಕಲ್ಲುಮಣ್ಣಿನ ಗುಣ ವಿಚಿತ್ರ. ಒಂದೆರಡು ಸೆಂಟಿಮೀಟರ್ ತೆಳುವಾಗಿದ್ದರೆ ಬಿಸಿಲು ಹೀರಿ ಕೆಳಗಿನ ಗಡ್ಡೆಯನ್ನು ಬೇಗ ಕರಗಿಸುತ್ತದೆ. ಮೊಣಕಾಲೆತ್ತರ ದಪ್ಪವಾಗಿದ್ದರೆ, ಹಿಂದೆ ಸೋಡಾ ಅಂಗಡಿಗಳಲ್ಲಿ ಐಸ್ ದಿಮ್ಮಿಗೆ ಮರದ ಹೊಟ್ಟು ಮುಚ್ಚುತ್ತಿದ್ದಂತೆ, ಕರಗದಂತೆ ಕಾಪಾಡುತ್ತದೆ. ಗಂಗೋತ್ರಿ ಹಿಮನದಿಯ ಕೆಳಭಾಗದ ಬಹುಪಾಲು ಹೀಗೆ ಮುಚ್ಚಿಕೊಂಡಿದೆ. ಹಾಗಾಗಿ ಗೋಮುಖದಲ್ಲಿರುವ ಅದರ ಮೂತಿ ಎಷ್ಟು ಹಿಂದೆ ಸರಿಯಿತು ಎಂಬ ಒಂದೇ ಅಳತೆ ಹಿಡಿದು ಅದರ ಆರೋಗ್ಯ ಹೇಳಲು ಬರುವುದಿಲ್ಲ. ಮೂತಿ ನಿಂತಲ್ಲೇ ನಿಂತಂತೆ ಕಂಡರೂ ಮೈ ತೆಳುವಾಗುತ್ತಿರಬಹುದು.

ಇನ್ನು ಬೂದಿಯ ಬಣ್ಣ. ನೀವು ತಂದ ಗಂಗಾಜಲದ ಬಾಟಲಿ ಸೀಲ್ ಮಾಡಿದ್ದಲ್ಲದೆ ನೀವೇ ಹೊಳೆಯಲ್ಲಿ ತುಂಬಿಕೊಂಡದ್ದಾದರೆ, ಅದನ್ನು ಒಂದು ದಿನ ಅಲ್ಲಾಡಿಸದೆ ಇಟ್ಟು ನೋಡಿ. ತಳದಲ್ಲಿ ಎರಡು ಪದರ ಕೂತಿರುತ್ತದೆ: ಕೆಳಗೆ ಒರಟು ಮರಳು, ಅದರ ಮೇಲೆ ಬೆರಳಿಗೆ ಹಿಟ್ಟಿನಂತೆ ಹತ್ತುವ ಬೂದು ಪುಡಿ. ಬಾಟಲಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒಳಗೆ ಮಿಣುಕು ಚೂರುಗಳು ತಿರುಗುವುದು ಕಾಣುತ್ತದೆ, ಅದು ಅಭ್ರಕ. ಗಂಗೋತ್ರಿಯ ಸುತ್ತಲಿನ ಬಂಡೆ ಬಿಳಿಯ ಗ್ರಾನೈಟ್. ದಡದ ಕಲ್ಲೊಂದನ್ನು ಕೈಗೆತ್ತಿಕೊಂಡರೆ ಬಿಳಿ ಮೈಯಲ್ಲಿ ಸೂಜಿ ಚುಚ್ಚಿದಂತೆ ಕಪ್ಪು ಗೀಟುಗಳಿರುತ್ತವೆ, ಅವು ಟೂರ್ಮಲೀನ್ ಎಂಬ ಖನಿಜದ ಹರಳುಗಳು. ನೂರಾರು ಮೀಟರ್ ದಪ್ಪದ ಗಡ್ಡೆ ತನ್ನ ಅಡಿಯಲ್ಲಿ ಕಲ್ಲುಗಳನ್ನು ಸಿಕ್ಕಿಸಿಕೊಂಡು ಈ ಗ್ರಾನೈಟಿನ ಮೇಲೆ ಉಜ್ಜಿಕೊಂಡು ಜಾರುವಾಗ ಬಂಡೆ ಅರೆದು ಪುಡಿಯಾಗುತ್ತದೆ. ಆ ಪುಡಿ ಎಷ್ಟು ನುಣುಪೆಂದರೆ ಹೊಳೆ ಶಾಂತವಾದರೂ ಬೇಗ ತಳ ಸೇರುವುದಿಲ್ಲ. ನಮ್ಮ ಮಳೆಗಾಲದ ಹೊಳೆಗಳ ಕೆಂಪು ಮೇಲ್ಮಣ್ಣಿನದು, ಅಲ್ಲಿಯ ಬೂದು ಅರೆದ ಬಂಡೆಯದು. ಮೇಲ್ಮೈ ಕರಗುವುದು ನಿಲ್ಲುವ ನವೆಂಬರ್ ನಂತರ ಹೋದರೆ ಅದೇ ಭಾಗೀರಥಿ ತಿಳಿಹಸಿರಾಗಿರುತ್ತದೆ. ಈ ಪುಡಿಯಲ್ಲಿರುವ ಗಟ್ಟಿ ಕಣಗಳು ಉತ್ತರಕಾಶಿಯ ಬಳಿಯ ಮನೇರಿ ಭಾಲಿ ಜಲವಿದ್ಯುತ್ ಕೇಂದ್ರಗಳ ಟರ್ಬೈನ್ ಚಕ್ರಗಳನ್ನು ಸವೆಸಿಹಾಕುತ್ತವೆ. ಬೇಸಿಗೆಯ ಹೊಳೆಯಲ್ಲಿ ಅಷ್ಟು ಬಲ, ಅಷ್ಟು ಕಲ್ಲು ಎರಡೂ ಇವೆ.

ಗೋಮುಖವೇ ಈ ಹೊಳೆಯ ಮೂಲ ಎಂಬುದನ್ನು ಹೊರಗಿನ ಭೂಗೋಳಜ್ಞರು ಒಪ್ಪಿಕೊಂಡದ್ದು ತಡವಾಗಿ. ಯಾತ್ರಿಕರಿಗೆ ಗೋಮುಖ ಯಾವಾಗಲೂ ಗೊತ್ತಿತ್ತು. ಆದರೆ 18ನೇ ಶತಮಾನದ ಕೊನೆಯಲ್ಲಿ ಜೇಮ್ಸ್ ರೆನೆಲ್ ಅಚ್ಚುಹಾಕಿಸಿದ ಭಾರತದ ನಕ್ಷೆಯಲ್ಲಿ ಗಂಗೆ ಟಿಬೆಟಿನ ಮಾನಸ ಸರೋವರದ ಕಡೆಯಿಂದ ಬಂದು ಹಿಮಾಲಯವನ್ನು ತೂರಿ ಹೊರಬರುತ್ತಿತ್ತು. ಸಂದೇಹ ಪರಿಹರಿಸಲು 1808ರಲ್ಲಿ ವೆಬ್, ರೇಪರ್, ಹರ್ಸಿ ಎಂಬ ಮೂವರು ಹೊರಟರು. ದಾರಿಯ ಕಷ್ಟಕ್ಕೆ ಗಂಗೋತ್ರಿಯನ್ನೂ ಮುಟ್ಟದೆ ತಿರುಗಿದರು. ಆದರೂ ನದಿ ಹುಟ್ಟುವುದು ಹಿಮಾಲಯದ ಈಚೆಗೇ ಎಂಬುದನ್ನು ಖಚಿತಪಡಿಸಿದರು. 1817ರ ಮೇ ತಿಂಗಳ ಕೊನೆಯಲ್ಲಿ ಕ್ಯಾಪ್ಟನ್ ಹಾಡ್ಗ್‌ಸನ್ ಗೋಮುಖ ತಲುಪಿ, ಹಿಮದ ದೊಡ್ಡ ಹಾಸಿನ ಅಡಿಯ ಕಮಾನಿನಿಂದ ನದಿ ಹೊರಬರುವುದನ್ನು ಬರೆದಿಟ್ಟ. 1935ರಲ್ಲಿ ಭೂವಿಜ್ಞಾನಿ ಜೆ.ಬಿ. ಆಡೆನ್ ಹಿಮನದಿಯ ಮೂತಿಯ ನಕ್ಷೆ ತೆಗೆದರು. ಇಂದಿಗೂ ಎಲ್ಲ ಅಳತೆಗಳಿಗೆ ಆ ನಕ್ಷೆ ಆಧಾರ. ಅಲ್ಲಿಂದ ಈಚೆಗೆ ವರ್ಷಕ್ಕೆ ಸರಾಸರಿ 20 ಮೀಟರಿನ ಆಸುಪಾಸು ಹಿಂದೆ ಸರಿದಿದೆ, ಕೆಲವು ವರ್ಷ ಹೆಚ್ಚು, ಕೆಲವು ವರ್ಷ ಕಡಿಮೆ. ಹಾಡ್ಗ್‌ಸನ್ ನೋಡಿದ ಗೋಮುಖ ಇದ್ದ ಜಾಗದಲ್ಲಿ ಈಗ ಬರಿಯ ಕಲ್ಲು ಹಾಸಿದ ಕಣಿವೆ.

ಗಂಗೋತ್ರಿಯಿಂದ ಕೆಳಗಿನ ದಾರಿಯನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ. ಭೈರೋಂಘಾಟಿಯ ಸೇತುವೆಯ ಮೇಲೆ ತಲೆ ತಿರುಗುವ ಆಳದಲ್ಲಿ ಕಂಡದ್ದು ಜಾಡ್ ಗಂಗಾ, ಟಿಬೆಟ್ ಗಡಿಯ ನೆಲಾಂಗ್ ಕಡೆಯಿಂದ ಬರುವ ಉಪನದಿ. ಇಲ್ಲಿ ಕೊರಕಲು ಅಷ್ಟು ಕಿರಿದು. ಆದರೆ ಹರ್ಸಿಲ್ ಬಂದೊಡನೆ ಕಣಿವೆ ಅಗಲವಾಗುತ್ತದೆ, ಸೇಬಿನ ತೋಟಗಳು, ದೇವದಾರು ಮರಗಳು, ಹರಡಿ ಹರಿಯುವ ಹೊಳೆ. ಸುಮಾರು 60 ಸಾವಿರ ವರ್ಷಗಳ ಹಿಂದೆ, ಭೂಮಿ ಇನ್ನೂ ತಣ್ಣಗಿದ್ದಾಗ, ಗಂಗೋತ್ರಿ ಹಿಮನದಿ ಹರ್ಸಿಲ್ ದಾಟಿ ಝಾಲಾದವರೆಗೆ, ಅಂದರೆ ಇಂದಿನ ಮೂತಿಗಿಂತ 40 ಕಿ.ಮೀ.ಗೂ ಕೆಳಗೆ, ಬಂದಿತ್ತು. ಹಿಮನದಿ ಹಾದ ಕಣಿವೆ ತಳ ಅಗಲವಾಗಿ ಉಳಿಯುತ್ತದೆ, ನೀರು ಮಾತ್ರ ಕೊರೆದ ಕಣಿವೆ ಕಿರಿದಾಗಿ ಆಳವಾಗುತ್ತದೆ. ಝಾಲಾ ದಾಟಿದ ಮೇಲೆ ರಸ್ತೆ ಸುಖಿಯ ತಿರುವುಗಳಲ್ಲಿ ಇಳಿಯುತ್ತದೆ, ಹೊಳೆ ಕೆಳಗೆಲ್ಲೋ ಕಮರಿಯಲ್ಲಿ ಮರೆಯಾಗುತ್ತದೆ. ಇಲ್ಲಿಂದ ಭಟ್ವಾರಿಯವರೆಗೆ ಹಿಮಾಲಯವನ್ನು ಎತ್ತಿ ನಿಲ್ಲಿಸಿದ ದೊಡ್ಡ ಸ್ತರಭಂಗದ ವಲಯ. ಗಂಗ್ನಾನಿಯ ಬಿಸಿನೀರಿನ ಬುಗ್ಗೆಯೂ ಆ ಬಿರುಕುಗಳ ಕೊಡುಗೆ. ಈ ಕಮರಿಯಲ್ಲಿ 1978ರ ಆಗಸ್ಟ್‌ನಲ್ಲಿ ಕನೋಡಿಯಾ ಗಾಡ್ ಎಂಬ ಹಳ್ಳ ತಂದು ಸುರಿದ ಕಲ್ಲುಮಣ್ಣು ಭಾಗೀರಥಿಯನ್ನೇ ಕಟ್ಟಿಹಾಕಿತು. ಆ ಕಟ್ಟೆ ಒಡೆದಾಗ ಉತ್ತರಕಾಶಿಯ ಕಡೆ ದೊಡ್ಡ ಪ್ರವಾಹ ಬಂತು.

ಹರ್ಸಿಲ್ ಕಣಿವೆಯ ಧರಾಲಿ ಈಗ ಎಲ್ಲರಿಗೂ ಗೊತ್ತಿರುವ ಹೆಸರು. 2025ರ ಆಗಸ್ಟ್ 5ರಂದು ಖೀರ್ ಗಂಗಾ ಎಂಬ ಪಕ್ಕದ ಹಳ್ಳ ಕೆಸರು ಬಂಡೆಗಳನ್ನು ಹೊತ್ತು ತಂದು ಕೆಲವೇ ಕ್ಷಣಗಳಲ್ಲಿ ಅಲ್ಲಿನ ಪೇಟೆಯನ್ನು ಹೂತುಬಿಟ್ಟಿತು. ಎದುರು ದಡದ ಮುಖ್ಬಾದ ಜನ ಕೂಗಿ ಎಚ್ಚರಿಸುತ್ತಿದ್ದ ದೃಶ್ಯ ನೀವೂ ನೋಡಿರಬಹುದು. ಪೇಟೆ ನಿಂತಿದ್ದ ಸಮತಟ್ಟು ಜಾಗ ಆ ಹಳ್ಳವೇ ಹಿಂದೆ ತಂದು ಹರಡಿದ ಕಲ್ಲುಮಣ್ಣಿನ ದಿಬ್ಬ. ಕಡಿದಾದ ಹಿಮಾಲಯದಲ್ಲಿ ಮನೆ ಕಟ್ಟಲು, ಹೊಲ ಮಾಡಲು ಅಂಥ ದಿಬ್ಬ ಬಿಟ್ಟರೆ ಮಟ್ಟಸ ಜಾಗ ಸಿಗುವುದು ಕಷ್ಟ, ಇದು ಅಲ್ಲಿಯವರ ಇಕ್ಕಟ್ಟು. ಆದರೆ ಯಾತ್ರೆಯ ಹಣಕ್ಕಾಗಿ ಹಳ್ಳದ ಬಾಯಿಗೇ ಹೋಟೆಲುಗಳನ್ನು ಕಟ್ಟುತ್ತ ಹೋದದ್ದು ಇಕ್ಕಟ್ಟಲ್ಲ, ಅದು ತಪ್ಪು. ಹಿಮಾಲಯದ ಕಣಿವೆಯಲ್ಲಿ ಮುಖ್ಯ ನದಿಗಿಂತ ಹೆಚ್ಚು ಅಂಜಬೇಕಾದ್ದು ಪಕ್ಕದ ಇಂಥ ಹಳ್ಳಗಳಿಗೆ.

ಗೋಮುಖದಿಂದ ದೇವಪ್ರಯಾಗಕ್ಕೆ ಭಾಗೀರಥಿ ಹರಿಯುವ ದೂರ 205 ಕಿ.ಮೀ. ಅಷ್ಟರಲ್ಲಿ ಸುಮಾರು ಮೂರೂವರೆ ಸಾವಿರ ಮೀಟರ್ ಇಳಿಯುತ್ತದೆ. ಹರಿದ್ವಾರದಿಂದ ಸಮುದ್ರಕ್ಕೆ 2,000 ಕಿ.ಮೀ.ಗೂ ಹೆಚ್ಚು ದೂರ ಹರಿಯುವ ಗಂಗೆಗೆ ಇಳಿಯಲು ಉಳಿದಿರುವುದು 300 ಮೀಟರಿನಷ್ಟೇ. ನದಿಯ ರಭಸ, ಕಲ್ಲು, ಕೊರಕಲು ಎಲ್ಲ ಮೊದಲ ಈ ಹತ್ತನೇ ಒಂದು ಭಾಗದಲ್ಲೇ ಮುಗಿದುಹೋಗುತ್ತದೆ. ನಡುವೆ ಟೆಹ್ರಿಯಲ್ಲಿ 260 ಮೀಟರ್ ಎತ್ತರದ ಅಣೆಕಟ್ಟು ಇದೆ. ಖತ್ಲಿಂಗ್ ಹಿಮನದಿಯಿಂದ ಬರುವ ಭಿಲಂಗನಾ ಭಾಗೀರಥಿಯನ್ನು ಸೇರುತ್ತಿದ್ದ ಜಾಗ, ಹಳೆಯ ಟೆಹ್ರಿ ಪಟ್ಟಣ, ಎರಡೂ ಅದರ ನೀರಿನಡಿ ಇವೆ. ಬೂದು ಪುಡಿ ಆ ಜಲಾಶಯದಲ್ಲೇ ತಳ ಸೇರುತ್ತದೆ. ದೇವಪ್ರಯಾಗದಲ್ಲಿ ಭಾಗೀರಥಿ ತಿಳಿಹಸಿರಾಗಿ, ಅಲಕನಂದಾ ಕದಡಿದ ಬಣ್ಣದಲ್ಲಿ ಬಂದು ಕೂಡುವುದನ್ನು ನೋಡಿ ಜನ ಫೋಟೋ ತೆಗೆಯುತ್ತಾರೆ. ಆ ಬಣ್ಣಗಳ ವ್ಯತ್ಯಾಸದಲ್ಲಿ ಅಣೆಕಟ್ಟಿನ ಪಾಲು ದೊಡ್ಡದು.

ಆ ಸಂಗಮದಿಂದ ಮುಂದಕ್ಕೇ ಹೊಳೆಗೆ ಗಂಗೆ ಎಂಬ ಹೆಸರು. ಎರಡರಲ್ಲಿ ಹೆಚ್ಚು ನೀರು ತರುವವಳು ಅಲಕನಂದಾ. ಸತೋಪಂಥ್, ಭಗೀರಥ ಖರಕ್ ಹಿಮನದಿಗಳಿಂದ ಹೊರಟು ಬದರಿಯನ್ನು ಹಾದು ಧೌಳಿಗಂಗಾ, ನಂದಾಕಿನಿ, ಪಿಂಡಾರ್, ಮಂದಾಕಿನಿ ನಾಲ್ವರನ್ನೂ ಕೂಡಿಸಿಕೊಂಡು ಬರುತ್ತಾಳೆ. ಶ್ರದ್ಧೆ ಮೂಲವನ್ನು ಭಾಗೀರಥಿಯಲ್ಲಿ ಇಟ್ಟಿದೆ, ನೀರಿನ ಲೆಕ್ಕ ಅಲಕನಂದೆಯನ್ನು ಮುಂದೆ ಮಾಡುತ್ತದೆ. ಎರಡಕ್ಕೂ ಅವುಗಳ ಜಾಗವಿದೆ.

ಹಿಮ ಮುಗಿದರೆ ಗಂಗೆ ಬತ್ತುತ್ತಾಳೆಯೇ ಎಂಬ ನಿಮ್ಮ ಎರಡನೇ ಪ್ರಶ್ನೆಗೆ ನೀರಿನ ಈ ಲೆಕ್ಕವೇ ದಾರಿ. ಹಿಮಾಲಯದ ಹಿಮನದಿಗಳು 2035ಕ್ಕೆ ಇಲ್ಲವಾಗಬಹುದು ಎಂಬ ಮಾತು 2007ರ ಒಂದು ಅಂತಾರಾಷ್ಟ್ರೀಯ ಹವಾಮಾನ ವರದಿಯಲ್ಲಿ ಬಂದಿತ್ತು. ಅದಕ್ಕೆ ಆಧಾರವಿಲ್ಲವೆಂದು ವರದಿ ಮಾಡಿದವರೇ 2010ರಲ್ಲಿ ಹಿಂತೆಗೆದುಕೊಂಡರು. ಮಾತು ಮಾತ್ರ ಇನ್ನೂ ಯಾತ್ರೆಯ ಬಸ್ಸುಗಳಲ್ಲಿ ಓಡಾಡುತ್ತಿದೆ. ಗಂಗೋತ್ರಿ ಹಿಮನದಿಯಲ್ಲಿ ನಿಜಕ್ಕೂ ಎಷ್ಟು ಗಡ್ಡೆ ಇದೆ ಎಂದು ಅಂದಾಜು ಮಾಡಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಕೇಂದ್ರದ ಅನಿಲ್ ಕುಲಕರ್ಣಿ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದ ಗಡ್ಡೆ ಜಾರುವ ವೇಗ ಅಳೆದು, ಅದರಿಂದ ದಪ್ಪ ಲೆಕ್ಕಹಾಕಿ 2014ರಲ್ಲಿ ಪ್ರಕಟಿಸಿದರು. ಮೇಲ್ಭಾಗದಲ್ಲಿ 540 ಮೀಟರಿನಷ್ಟು ದಪ್ಪ, ಮೂತಿಯ ಬಳಿ 50-60 ಮೀಟರ್, ಒಟ್ಟು ಸುಮಾರು 23 ಘನ ಕಿಲೋಮೀಟರ್ ಗಡ್ಡೆ. ಕರಗಿಸಿದರೆ ಕೆ.ಆರ್.ಎಸ್. ಜಲಾಶಯವನ್ನು ಹದಿನೈದು ಸಲ ತುಂಬಿಸಬಹುದು.

ದೊಡ್ಡ ಮೊತ್ತವೇ. ಆದರೆ ಗಂಗಾ ಜಲಾನಯನದಲ್ಲಿ ವರ್ಷಕ್ಕೆ ಹರಿಯುವ ನೀರು 500 ಘನ ಕಿಲೋಮೀಟರಿಗೂ ಮಿಗಿಲು. ಅಂದರೆ ಆ ಇಡೀ ಹಿಮನದಿ ಒಮ್ಮೆಗೇ ಕರಗಿದರೂ ಗಂಗೆಯ ಹದಿನೈದು ದಿನದ ಸರಾಸರಿ ಹರಿವಿಗೆ ಸಮ. ದೇವಪ್ರಯಾಗದಲ್ಲಿ ವರ್ಷದ ನೀರಿನಲ್ಲಿ ಹಿಮ ಮತ್ತು ಹಿಮನದಿ ಎರಡೂ ಸೇರಿ ಮೂರನೇ ಒಂದು ಪಾಲಿಗೂ ಸ್ವಲ್ಪ ಕಡಿಮೆ. ಬಯಲಿಗೆ ಇಳಿದ ಮೇಲೆ ಆ ಪಾಲು ಹತ್ತನೇ ಒಂದರ ಆಸುಪಾಸಿಗೆ ಬರುತ್ತದೆ. ಉಳಿದದ್ದು ಮುಂಗಾರು ಮಳೆ ಮತ್ತು ಅಂತರ್ಜಲ. ಕಾಶಿಯ ಗಂಗೆ ಈ ದೃಷ್ಟಿಯಲ್ಲಿ ನಿಮ್ಮ ತುಂಗೆಯ ಬಳಗದವಳು. ಸಿಂಧೂ ನದಿಯ ಕತೆ ಬೇರೆ, ಅದು ಕರಗುವ ಹಿಮವನ್ನೇ ಹೆಚ್ಚು ನಂಬಿದೆ.

ಹಾಗೆಂದು ಚಿಂತೆ ಬೇಡ ಎನ್ನಲಾರೆ. ಜಗತ್ತಿನ ತಾಪ ಏರಿಕೆಯನ್ನು ಒಂದೂವರೆ ಡಿಗ್ರಿಗೆ ಹಿಡಿದು ನಿಲ್ಲಿಸಿದರೂ ಹಿಂದೂಕುಷ್ ಹಿಮಾಲಯದ ಮೂರನೇ ಒಂದು ಭಾಗದಷ್ಟು ಗಡ್ಡೆ ಈ ಶತಮಾನದ ಕೊನೆಗೆ ಹೋಗಿರುತ್ತದೆ ಎಂದು 2019ರ ಕಾಠ್ಮಂಡುವಿನ ಇಸಿಮೋಡ್ ಸಂಸ್ಥೆಯ ವರದಿ ಹೇಳಿದೆ. ಮೊದಲು ಕೆಲವು ದಶಕ ಕರಗುವ ನೀರು ಹೆಚ್ಚುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಹಿಮನದಿ ಮಾಡುವ ದೊಡ್ಡ ಉಪಕಾರ ನೀರಿನ ಮೊತ್ತದಲ್ಲಿಲ್ಲ, ಹೊತ್ತಿನಲ್ಲಿದೆ. ಮಳೆಗೆ ಮೊದಲಿನ ಒಣ ತಿಂಗಳುಗಳಲ್ಲಿ, ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ನೀರು ಕೊಡುತ್ತದೆ. ಗಡ್ಡೆ ಸೊರಗಿದಷ್ಟೂ ಉತ್ತರಕಾಶಿಯಿಂದ ಮೇಲಿನ ಭಾಗೀರಥಿಯೂ ಮಳೆಯ ಮರ್ಜಿಗೆ ಬೀಳುತ್ತದೆ. ನಷ್ಟ ಅಲ್ಲಿ.

ಬಯಲಿನ ಗಂಗೆ ಬೇಸಿಗೆಯಲ್ಲಿ ಈಗಲೇ ಸೊರಗುತ್ತಿರುವುದಕ್ಕೆ ಕಾರಣ ಇನ್ನೂ ಹತ್ತಿರದಲ್ಲಿದೆ. 1854ರಲ್ಲಿ ತೆರೆದ ಗಂಗಾ ಕಾಲುವೆ ಒಣ ತಿಂಗಳುಗಳಲ್ಲಿ ಹರಿದ್ವಾರದಲ್ಲೇ ನದಿಯ ಬಹುಪಾಲು ನೀರನ್ನು ಗದ್ದೆಗಳಿಗೆ ತಿರುಗಿಸಿಕೊಳ್ಳುತ್ತದೆ. ಕೆಳಗೆ ನದಿಗೆ ಜಿನುಗಬೇಕಾದ ಅಂತರ್ಜಲವನ್ನು ಕೊಳವೆಬಾವಿಗಳು ಎಳೆಯುತ್ತಿವೆ. ಖರಗ್‌ಪುರ ಐಐಟಿಯ ಅಭಿಜಿತ್ ಮುಖರ್ಜಿ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಲೆಕ್ಕಸಹಿತ ತೋರಿಸಿದ್ದಾರೆ. ಮೇಲೆ ಗಢವಾಲಿನ ಹಳ್ಳಿಗಳದೂ ಇಂಥದ್ದೇ ಪಾಡು. ಬೆಟ್ಟದ ಓರೆಯ ಹಳ್ಳಿಗಳಿಗೆ ನೂರಾರು ಮೀಟರ್ ಕೆಳಗೆ ಹರಿಯುವ ಭಾಗೀರಥಿಯ ನೀರು ಕೈಗೆ ಎಟಕುವುದಿಲ್ಲ. ಅವರು ಕುಡಿಯುವುದು ಧಾರಾ ಎಂದು ಕರೆಯುವ ಒರತೆಗಳ ನೀರು. ಹಿಮಾಲಯದ ಇಂಥ ಒರತೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿವೆ ಅಥವಾ ಮಳೆಗಾಲಕ್ಕಷ್ಟೇ ಉಳಿದಿವೆ ಎಂದು ನೀತಿ ಆಯೋಗದ 2018ರ ವರದಿ ಹೇಳಿತು. ಹಿಮನದಿ ಕರಗುವ ಸುದ್ದಿಗೆ ಸಿಗುವ ಗಮನದ ಒಂದು ಪಾಲೂ ಇದಕ್ಕೆ ಸಿಕ್ಕಿಲ್ಲ.

ಆದ್ದರಿಂದ ನಿಮ್ಮ ಜೊತೆಯವರಿಗೆ ಹೀಗೆ ಹೇಳಬಹುದು: ಗಂಗೋತ್ರಿಯ ಹಿಮ ಕಡಿಮೆಯಾದರೆ ಮೇಲಿನ ಭಾಗೀರಥಿ ಸೊರಗುತ್ತಾಳೆ, ಗಂಗೆ ಬತ್ತುವುದಿಲ್ಲ. ಗಂಗೆಯನ್ನು ಬತ್ತಿಸುವ ಶಕ್ತಿ ಇರುವುದು ಕಾಲುವೆಗಳಿಗೆ ಮತ್ತು ಬೋರ್‌ವೆಲ್‌ಗಳಿಗೆ.